ರಾತ್ರಿಯ ಎಸ್‌ಡಿಬಿ, ಬೆಳಗಿನ ಎಸ್‌ಡಿಬಿ

ಒಂದೇ ದಿನ ಕೊಂಡ, ಒಂದೇ ಮಾಡೆಲಿನ, ಒಂದೇ ಗಾತ್ರದ ಎರಡು ಹಾರ್ಡ್ ಡಿಸ್ಕ್‌ಗಳು ನನ್ನ ಡೆಸ್ಕ್‌ಟಾಪಿನಲ್ಲಿದ್ದವು. ಒಂದರಲ್ಲಿ ಹತ್ತು ವರ್ಷದ ಫೋಟೊಗಳು, ಇನ್ನೊಂದು ಖಾಲಿ. ರಾತ್ರಿ ಟರ್ಮಿನಲ್ ತೆರೆದು ನೋಡಿದೆ. ಫೋಟೊಗಳಿರುವುದಕ್ಕೆ ಲಿನಕ್ಸ್ ಕೊಟ್ಟಿದ್ದ ಹೆಸರು ಎಸ್‌ಡಿಎ, ಖಾಲಿಯದಕ್ಕೆ ಎಸ್‌ಡಿಬಿ. ಚೀಟಿಯಲ್ಲಿ ಬರೆದಿಟ್ಟು ಮಲಗಿದೆ. ಬೆಳಿಗ್ಗೆ ಪೆನ್‌ಡ್ರೈವ್ ಸಿಕ್ಕಿಸಿ, ಅದರಿಂದ ಬೂಟ್ ಮಾಡಿ, ಹೊಸ ಲಿನಕ್ಸ್ ಹಾಕಲು ಕುಳಿತೆ. ಯಾವ ಡಿಸ್ಕ್ ಎಂದು ಇನ್‌ಸ್ಟಾಲರ್ ಕೇಳಿತು. ಚೀಟಿ ನೋಡಿ ಎಸ್‌ಡಿಬಿ ಆರಿಸಿದೆ. ಪೂರ್ತಿ ಅಳಿಸಲೇ, ಖಚಿತವೇ ಎಂದು ಮತ್ತೆ ಕೇಳಿತು. ಖಚಿತವಾಗಿಯೇ ಇದ್ದೆ.

ಚೀಟಿಯಲ್ಲಿ ಬರೆದದ್ದೇನೂ ತಪ್ಪಿರಲಿಲ್ಲ. ಆದರೆ ಆ ಬೆಳಿಗ್ಗೆ ಪೆನ್‌ಡ್ರೈವ್ ಎಲ್ಲರಿಗಿಂತ ಮೊದಲು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕಣ್ಣಿಗೆ ಬಿದ್ದು ತಾನೇ ಎಸ್‌ಡಿಎ ಆಗಿ ಕುಳಿತಿತ್ತು. ಉಳಿದ ಎರಡೂ ಒಂದೊಂದು ಸ್ಥಾನ ಹಿಂದೆ ಸರಿದಿದ್ದವು. ಹಾಗಾಗಿ ಆಗ ಎಸ್‌ಡಿಬಿ ಎಂದರೆ ಫೋಟೊಗಳ ಡಿಸ್ಕ್. ಅವುಗಳ ಇನ್ನೊಂದು ಪ್ರತಿ ಬೇರೆ ಕಡೆ ಇದ್ದದ್ದರಿಂದ ಇದನ್ನು ಇವತ್ತು ನಗುತ್ತ ಬರೆಯುತ್ತಿದ್ದೇನೆ.

ಎಸ್‌ಡಿಎ ಎನ್ನುವುದನ್ನು ನಾವೆಲ್ಲ ಡಿಸ್ಕಿನ ಹೆಸರು ಎಂದುಕೊಳ್ಳುತ್ತೇವೆ. ನಿಜಕ್ಕೂ ಅದು ಸರತಿಯಲ್ಲಿ ಕೊಡುವ ಟೋಕನ್ ಇದ್ದ ಹಾಗೆ. ಇವತ್ತು ಮೊದಲು ಬಂದವರಿಗೆ ಒಂದನೇ ನಂಬರ್, ನಾಳೆ ಮೊದಲು ಬಂದವರಿಗೂ ಒಂದನೇ ನಂಬರ್. ಎಸ್‌ಡಿ ಎಂಬುದು ಮೂಲದಲ್ಲಿ ಸ್ಕಸಿ ಡಿಸ್ಕ್ ಎಂಬುದರ ಕಿರುರೂಪ. ಡಿಸ್ಕ್ ಜೋಡಿಸುವ ಹಳೆಯ ಪದ್ಧತಿಯಾದ ಸ್ಕಸಿ ಈಗ ಮನೆಯ ಕಂಪ್ಯೂಟರುಗಳಲ್ಲಿ ಇಲ್ಲವೇ ಇಲ್ಲ. ಆದರೂ ಈಗಿನ ಸಾಟಾ ಕೇಬಲ್‌ನ ಡಿಸ್ಕ್‌ಗಳೂ ಯುಎಸ್‌ಬಿ ಡ್ರೈವ್‌ಗಳೂ ಕರ್ನಲ್‌ನೊಳಗೆ ಅದೇ ಸ್ಕಸಿ ಪದರದ ಮೂಲಕ ಹಾದು ಬರುವುದರಿಂದ ಆ ಹೆಸರು ಉಳಿದುಕೊಂಡಿದೆ. ಕೊನೆಯ ಅಕ್ಷರ ಸಿಕ್ಕಿದ ಕ್ರಮವನ್ನು ಹೇಳುತ್ತದೆ. ಮೊದಲನೆಯದಕ್ಕೆ ಎ, ಎರಡನೆಯದಕ್ಕೆ ಬಿ, ಜೆಡ್ ದಾಟಿದರೆ ಎಸ್‌ಡಿಎಎ. ಅದರ ಮುಂದಿನ ಅಂಕಿ ಪಾರ್ಟಿಷನ್‌ನದು, ಅಂದರೆ ಡಿಸ್ಕನ್ನು ಪಾಲು ಮಾಡಿದ ಭಾಗದ್ದು.

ಹಿಂದೆ ಹೀಗಿರಲಿಲ್ಲ. ಅಗಲವಾದ ಪಟ್ಟಿ ಕೇಬಲ್‌ಗಳ ಐಡಿಇ ಕಾಲದಲ್ಲಿ ಮೊದಲ ಕೇಬಲ್‌ನ ಮಾಸ್ಟರ್ ಹೆಚ್‌ಡಿಎ, ಅದೇ ಕೇಬಲ್‌ನ ಸ್ಲೇವ್ ಹೆಚ್‌ಡಿಬಿ, ಎರಡನೇ ಕೇಬಲ್‌ನ ಮಾಸ್ಟರ್ ಹೆಚ್‌ಡಿಸಿ. ನಡುವಿನ ಜಾಗ ಖಾಲಿಯಿದ್ದರೂ ಹೆಚ್‌ಡಿಸಿ ಹೆಚ್‌ಡಿಸಿಯಾಗಿಯೇ ಇರುತ್ತಿತ್ತು. ಹೆಸರು ಕೇಳಿದರೆ ಯಾವ ಕೇಬಲ್‌ಗೆ ಕೈ ಹಾಕಬೇಕೆಂದು ಗೊತ್ತಾಗುತ್ತಿತ್ತು. 2007ರ ಆಸುಪಾಸಿನಲ್ಲಿ ಲಿನಕ್ಸ್‌ನ ಬೇರೆ ಬೇರೆ ವಿತರಣೆಗಳು ಒಂದೊಂದಾಗಿ ಹೊಸ ಲಿಬ್‌ಎಟಿಎ ಡ್ರೈವರ್‌ಗಳಿಗೆ ಬದಲಾದಾಗ ಹಳೆಯ ಐಡಿಇ ಡಿಸ್ಕ್‌ಗಳೂ ಎಸ್‌ಡಿ ಸಾಲಿಗೆ ಸೇರಿದವು. ಅಲ್ಲಿಗೆ ಹೆಸರಿಗೂ ಜಾಗಕ್ಕೂ ಇದ್ದ ನಂಟು ಕಡಿದುಹೋಯಿತು.

ಸರತಿ ಏಕೆ ಬದಲಾಗುತ್ತದೆ? ಬೂಟ್ ಬೇಗ ಆಗಲೆಂದು ಕರ್ನಲ್ ಒಂದರ ನಂತರ ಒಂದು ಎನ್ನದೆ ಡಿಸ್ಕ್‌ಗಳನ್ನು ನಿಯಂತ್ರಿಸುವ ಹಲವು ಕಂಟ್ರೋಲರ್‌ಗಳನ್ನು ಏಕಕಾಲಕ್ಕೆ ತಡಕುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ವೇಗ ಹಿಡಿಯಲು ಕೆಲವು ಸೆಕೆಂಡ್ ಬೇಕು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಅದರ ಹಂಗಿಲ್ಲ. ಯಾವ ಡ್ರೈವರ್ ಮೊದಲು ಲೋಡ್ ಆಯಿತು, ಕಾರ್ಡ್ ರೀಡರ್ ಇದೆಯೇ, ಯುಎಸ್‌ಬಿ ಹಬ್ ಎಷ್ಟು ಹೊತ್ತಿಗೆ ಎಚ್ಚರಗೊಂಡಿತು ಎಂಬುದೆಲ್ಲ ಸೇರಿ ಕ್ರಮ ತೀರ್ಮಾನವಾಗುತ್ತದೆ. ತಿಂಗಳುಗಟ್ಟಲೆ ಒಂದೇ ಕ್ರಮದಲ್ಲಿ ಬಂದು, ನಾವು ನಂಬಿದ ಮೇಲೆ ಒಂದು ದಿನ ಅದಲುಬದಲಾಗುತ್ತದೆ. ದಿನವೂ ಬದಲಾಗುತ್ತಿದ್ದರೆ ಯಾರೂ ನಂಬುತ್ತಲೇ ಇರಲಿಲ್ಲ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೊಂದು ಹೊಸ ತಿರುವು ಬಂದಿದೆ. ಒಳಗಿರುವುದು ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ. ಅದರ ಹೆಸರು ಎನ್‌ವಿಎಂಇ0ಎನ್1, ಅದರ ಮೊದಲ ಪಾರ್ಟಿಷನ್ ಎನ್‌ವಿಎಂಇ0ಎನ್1ಪಿ1. ನೋಡಲು ಮಂತ್ರದಂತಿದ್ದರೂ ಬಿಡಿಸಿದರೆ ಸರಳ: ಸೊನ್ನೆಯ ಕಂಟ್ರೋಲರ್, ಅದರೊಳಗಿನ ಒಂದನೇ ನೇಮ್‌ಸ್ಪೇಸ್ (ಡ್ರೈವ್‌ನ ಜಾಗದ ಒಂದು ವಿಭಾಗ), ಅದರ ಒಂದನೇ ಪಾರ್ಟಿಷನ್. ಕಂಟ್ರೋಲರ್ ಎಣಿಕೆ ಸೊನ್ನೆಯಿಂದ, ಉಳಿದೆರಡು ಒಂದರಿಂದ. ಡಿಸ್ಕಿನ ಹೆಸರೇ ಅಂಕಿಯಿಂದ ಮುಗಿಯುವುದರಿಂದ ಪಾರ್ಟಿಷನ್‌ನ ಅಂಕಿ ಅದಕ್ಕೆ ಅಂಟಿ ಗೊಂದಲವಾಗದಿರಲೆಂದು ನಡುವೆ ಒಂದು ಪಿ. ಎಸ್‌ಡಿ ಕಾರ್ಡ್‌ಗಳ ಎಂಎಂಸಿಬಿಎಲ್‌ಕೆ0ಪಿ1 ಎಂಬ ಹೆಸರಿನಲ್ಲೂ ಇದೇ ಪಿ ಇದೆ. ಎಸ್‌ಡಿ ಕಾರ್ಡ್‌ನ ಎಸ್‌ಡಿಗೂ ಎಸ್‌ಡಿಎಯ ಎಸ್‌ಡಿಗೂ ಸಂಬಂಧವೇ ಇಲ್ಲ. ಹೆಸರಿಟ್ಟವರು ನಮ್ಮ ಮೇಲೆ ಅಷ್ಟೇನೂ ಕರುಣೆ ತೋರಿಲ್ಲ.

ಇಂಥ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಸಿಕ್ಕಿಸಿದರೆ ಅದೇ ಎಸ್‌ಡಿಎ ಆಗುತ್ತದೆ, ಏಕೆಂದರೆ ಎಸ್‌ಡಿ ಸಾಲಿನಲ್ಲಿ ಬೇರೆ ಯಾರೂ ಇಲ್ಲ. ಎಸ್‌ಡಿಎ ಎಂದರೆ ಒಳಗಿನ ಡಿಸ್ಕ್ ಎಂದು ಕೈ ರೂಢಿಯಾದವರು ಇಲ್ಲಿ ಎಡವುತ್ತಾರೆ. ಹಳೆಯ ಟಿಪ್ಪಣಿಯಿಂದ ಕಮಾಂಡನ್ನು ಹಾಗೇ ನಕಲು ಮಾಡಿ ಅಂಟಿಸುವವರು ಇನ್ನೂ ಜೋರಾಗಿ.

ಸರಿ, ಗುರುತು ಹಿಡಿಯುವುದು ಹೇಗೆ? ನಾನು ಮೊದಲು ಕೊಡುವುದು ಎಲ್‌ಎಸ್‌ಬಿಎಲ್‌ಕೆ ಎಂಬ ಕಮಾಂಡ್. ಡಿಸ್ಕ್‌ಗಳನ್ನೂ ಅವುಗಳ ಪಾರ್ಟಿಷನ್‌ಗಳನ್ನೂ ಬೇರು ಬಿಳಲಿನಂತೆ ಚಿತ್ರಿಸಿ ತೋರಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. ಹಾಗೇ ಕೊಟ್ಟರೆ ಹೆಸರು, ಗಾತ್ರ, ಎಲ್ಲಿ ಮೌಂಟ್ ಆಗಿದೆ (ಯಾವ ಫೋಲ್ಡರಿಗೆ ಜೋಡಣೆಯಾಗಿದೆ) ಎಂಬಷ್ಟರ ಜೊತೆ ಎರಡು ಸಂಖ್ಯೆಗಳ ಒಂದು ಜೋಡಿ ಕಾಣುತ್ತದೆ: ಎಸ್‌ಡಿಎಗೆ 8:0, ಎಸ್‌ಡಿಬಿಗೆ 8:16, ಎಸ್‌ಡಿಸಿಗೆ 8:32. ಹದಿನಾರರ ಮಗ್ಗಿ ಏಕೆಂದರೆ ಪ್ರತಿ ಡಿಸ್ಕಿಗೂ ಹದಿನಾರು ಸಂಖ್ಯೆ ಮೀಸಲು, ಒಂದು ಇಡೀ ಡಿಸ್ಕಿಗೆ, ಹದಿನೈದು ಪಾರ್ಟಿಷನ್‌ಗಳಿಗೆ. ಕುತೂಹಲಕ್ಕಷ್ಟೇ ಹೇಳಿದೆ, ಗುರುತು ಹಿಡಿಯಲು ಇದರಿಂದ ಉಪಯೋಗವಿಲ್ಲ.

ಉಪಯೋಗಕ್ಕೆ ಬರುವ ಕಾಲಂಗಳನ್ನು ಕೇಳಿ ಪಡೆಯಬೇಕು. ಮಾಡೆಲ್, ಸೀರಿಯಲ್ ಮತ್ತು ಟ್ರಾನ್. ಟ್ರಾನ್ ಎಂದರೆ ಡಿಸ್ಕ್ ಯಾವ ದಾರಿಯಲ್ಲಿ ಬಂತು ಎಂಬುದು: ಸಾಟಾ, ಯುಎಸ್‌ಬಿ ಅಥವಾ ಎನ್‌ವಿಎಂಇ. ಅರ್ಧ ಅನುಮಾನ ಇಲ್ಲೇ ಪರಿಹಾರವಾಗುತ್ತದೆ. ರೋಟಾ ಎಂಬ ಇನ್ನೊಂದು ಕಾಲಂ ತಿರುಗುವ ಡಿಸ್ಕಿಗೆ 1, ಎಸ್‌ಎಸ್‌ಡಿಗೆ 0 ತೋರಿಸುತ್ತದೆ. ಯುಎಸ್‌ಬಿ ಮೂಲಕ ಬಂದವುಗಳ ವಿಷಯದಲ್ಲಿ ಮಾತ್ರ ಅದರ ಮಾತು ನಂಬಬೇಡಿ, ಪೆನ್‌ಡ್ರೈವ್ ಕೂಡ ತಿರುಗುತ್ತದೆ ಎಂದು ಹೇಳಿಬಿಡುತ್ತದೆ.

ಗಾತ್ರ ನೋಡಿ ಗುರುತಿಸುವವರೇ ಹೆಚ್ಚು, ನಾನೂ ಹಾಗೇ ಮಾಡುತ್ತಿದ್ದೆ. ಅಲ್ಲೊಂದು ಲೆಕ್ಕದ ಜಟಿಲತೆ ಇದೆ. 500 ಜಿಬಿ ಎಂದು ಸ್ಟಿಕರ್ ಇರುವ ಡಿಸ್ಕನ್ನು ಎಲ್‌ಎಸ್‌ಬಿಎಲ್‌ಕೆ 465.8 ಎಂದು ತೋರಿಸುತ್ತದೆ. ಯಾರೂ ಮೋಸ ಮಾಡಿಲ್ಲ. ಅದರೊಳಗಿರುವುದು 512 ಬೈಟ್‌ಗಳ 97,67,73,168 ಸೆಕ್ಟರ್‌ಗಳು. ಗುಣಿಸಿದರೆ ಐವತ್ತು ಸಾವಿರ ಕೋಟಿಗಿಂತ ಸ್ವಲ್ಪ ಹೆಚ್ಚು ಬೈಟ್. ತಯಾರಕರು ಅದನ್ನು ಸಾವಿರದಿಂದ ಮೂರು ಸಲ ಭಾಗಿಸಿ 500 ಎನ್ನುತ್ತಾರೆ, ಎಲ್‌ಎಸ್‌ಬಿಎಲ್‌ಕೆ 1024ರಿಂದ ಮೂರು ಸಲ ಭಾಗಿಸುತ್ತದೆ. ಈ ಎರಡನೆಯ ಅಳತೆಗೆ ಗಿಬಿಬೈಟ್ ಎಂಬ ಬೇರೆ ಹೆಸರು 1998ರಲ್ಲೇ ಬಂತಾದರೂ ಬಾಯಿಗೆ ಹತ್ತಿದ್ದು ಕಡಿಮೆ. 1 ಟಿಬಿ ಎಂದರೆ 931.5, 256 ಜಿಬಿ ಎಂದರೆ 238.5, ಇಷ್ಟು ನೆನಪಿದ್ದರೆ ಪರದೆಯ ಸಂಖ್ಯೆಗೂ ಸ್ಟಿಕರಿನ ಸಂಖ್ಯೆಗೂ ತಾಳೆ ಹಾಕಬಹುದು. ನನ್ನಂತೆ ಒಂದೇ ಅಳತೆಯ ಜೋಡಿ ಇಟ್ಟುಕೊಂಡವರಿಗೆ ಇದೂ ಕೈಕೊಡುತ್ತದೆ.

ಡಿಸ್ಕಿಗೆ ಹುಟ್ಟಿನಿಂದ ಬಂದ ಗುರುತು ಅದರ ಸೀರಿಯಲ್ ನಂಬರ್. ಕಾರ್ಖಾನೆಯಲ್ಲಿ ಅದರ ಫರ್ಮ್‌ವೇರ್‌ನಲ್ಲೂ ಬರೆದಿರುತ್ತಾರೆ, ಮೈಮೇಲಿನ ಸ್ಟಿಕರ್‌ನಲ್ಲೂ ಅಚ್ಚು ಹಾಕಿರುತ್ತಾರೆ. ಫಾರ್ಮ್ಯಾಟ್ ಮಾಡಿದರೂ, ಬೇರೆ ಕಂಪ್ಯೂಟರಿಗೆ ಹಾಕಿದರೂ ಅದು ಬದಲಾಗದು. ಸಾಫ್ಟ್‌ವೇರಿನ ಲೋಕಕ್ಕೂ ನಮ್ಮ ಕೈಯಲ್ಲಿರುವ ಲೋಹದ ತುಂಡಿಗೂ ನಡುವೆ ಇಷ್ಟು ನೇರವಾದ ಸೇತುವೆ ಬೇರೊಂದಿಲ್ಲ. ಡೆವ್ ಫೋಲ್ಡರಿನೊಳಗೆ ಡಿಸ್ಕ್ ಎಂಬ ಫೋಲ್ಡರ್, ಅದರೊಳಗೆ ಬೈ-ಐಡಿ ಎಂಬುದೊಂದಿದೆ. ಅಲ್ಲಿ ಮಾಡೆಲ್ ಮತ್ತು ಸೀರಿಯಲ್ ಸೇರಿಸಿ ಕಟ್ಟಿದ ಉದ್ದನೆಯ ಹೆಸರುಗಳು ಸಾಲಾಗಿ ಇರುತ್ತವೆ, ಪ್ರತಿಯೊಂದರ ಮುಂದೆ ಒಂದು ಬಾಣ ಸದ್ಯದ ಎಸ್‌ಡಿಎಯನ್ನೋ ಎಸ್‌ಡಿಬಿಯನ್ನೋ ತೋರಿಸುತ್ತಿರುತ್ತದೆ. ಈ ಏರ್ಪಾಡು 2003ರಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಆರಂಭಿಸಿದ, ಸಾಧನಗಳಿಗೆ ಹೆಸರಿಡುವ ಯುಡೆವ್ ಎಂಬ ತಂತ್ರಾಂಶದ ಕೊಡುಗೆ. ಬೂಟ್‌ನಿಂದ ಬೂಟ್‌ಗೆ ಬಾಣದ ತುದಿ ಬದಲಾಗಬಹುದು, ಬುಡ ಬದಲಾಗದು. ಇಮೇಜ್ ಬರೆಯುವಾಗ, ಅಳಿಸುವಾಗ ಎಸ್‌ಡಿ ಹೆಸರಿನ ಬದಲು ಈ ಉದ್ದನೆಯ ಹೆಸರನ್ನೇ ಕೊಟ್ಟರೂ ಕಮಾಂಡ್ ನಡೆಯುತ್ತದೆ. ಟೈಪ್ ಮಾಡಲು ಬೇಸರ, ನಿಜ. ಆ ಬೇಸರವೇ ಒಂದು ಕ್ಷಣ ಯೋಚಿಸುವಂತೆ ಮಾಡುತ್ತದೆ.

ಒಂದು ಅಪವಾದ. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿದ್ದರೆ ನಡುವಿನ ಚಿಪ್ ಕೆಲವೊಮ್ಮೆ ಡಿಸ್ಕಿನ ಸೀರಿಯಲ್ ಮರೆಮಾಡಿ ತನ್ನದನ್ನೇ ಹೇಳುತ್ತದೆ. ಆಗ ಸುಲಭದ ದಾರಿ ಬೇರೆ: ಕರ್ನಲ್ ಸಂದೇಶಗಳು ನೇರವಾಗಿ ಹರಿಯುವಂತೆ ಡಿಮೆಸೆಜ್ (dmesg) ಎಂಬ ಕಮಾಂಡ್ ಓಡಿಸಿಟ್ಟು, ಕೇಬಲ್ ತೆಗೆದು ಮತ್ತೆ ಸಿಕ್ಕಿಸಿ. ಈಗಷ್ಟೇ ಬಂದದ್ದು ಯಾರೆಂದು ಅದು ಹೆಸರು, ಗಾತ್ರ ಸಮೇತ ಬರೆಯುತ್ತದೆ. ಸಿಕ್ಕಿಸಿದ್ದು ನಿಮ್ಮದೇ ಕೈ, ಅನುಮಾನಕ್ಕೆ ಎಡೆಯಿಲ್ಲ.

ಇನ್ನು ಯುಯುಐಡಿ. 8, 4, 4, 4, 12 ಎಂದು ಗೆರೆ ಹಾಕಿ ಒಡೆದ 32 ಅಕ್ಷರಗಳ ಆ ಸರಪಳಿಯನ್ನು ಡಿಸ್ಕಿನ ಗುರುತು ಎಂದು ತಿಳಿಯುವವರಿದ್ದಾರೆ. ಅದು ಫೈಲ್ ಸಿಸ್ಟಮ್‌ನ, ಅಂದರೆ ಪಾರ್ಟಿಷನ್‌ನೊಳಗೆ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಯ ಗುರುತು. ಫಾರ್ಮ್ಯಾಟ್ ಮಾಡಿದಾಗ ಹುಟ್ಟುತ್ತದೆ, ಮತ್ತೆ ಫಾರ್ಮ್ಯಾಟ್ ಮಾಡಿದರೆ ಹಳೆಯದು ಹೋಗಿ ಹೊಸದು ಬರುತ್ತದೆ. ಫ್ಯಾಟ್ ಎಂಬ ಹಳೆಯ ಬಗೆಯ ಫೈಲ್ ಸಿಸ್ಟಮ್ ಇರುವ ಪಾರ್ಟಿಷನ್‌ನಲ್ಲಿ ಅದು ಬರೀ ಎಂಟು ಅಕ್ಷರ. ಬೂಟ್ ಆಗುವಾಗ ಏನೇನು ಮೌಂಟ್ ಮಾಡಬೇಕೆಂದು ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆದಿಡಲು ಇದೇ ಸರಿ, ಏಕೆಂದರೆ ಅಲ್ಲಿ ಬೇಕಾದದ್ದು ಲೋಹದ ತುಂಡಲ್ಲ, ಒಳಗಿರುವ ದತ್ತಾಂಶ.

ರಿಪೇರಿಗೆಂದು ಬರುವ ಯಂತ್ರಗಳಲ್ಲಿ ನಾನು ಮೇಲಿಂದ ಮೇಲೆ ನೋಡಿದ ತೊಂದರೆಯೊಂದು ಇಲ್ಲೇ ಹುಟ್ಟುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಲಿನಕ್ಸ್, ಇಬ್ಬರಿಗೂ ಒಂದೇ ಸ್ವಾಪ್ ಪಾರ್ಟಿಷನ್ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕಿನ ಜಾಗ). ಎರಡನೆಯದನ್ನು ಹಾಕುವಾಗ ಅದರ ಇನ್‌ಸ್ಟಾಲರ್ ಸ್ವಾಪನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿಬಿಡುತ್ತದೆ. ಯುಯುಐಡಿ ಬದಲಾಯಿತು, ಮೊದಲನೆಯದಕ್ಕೆ ಯಾರೂ ಹೇಳಲಿಲ್ಲ. ಅದು ಪ್ರತಿ ಬೂಟ್‌ನಲ್ಲೂ ಇಲ್ಲದ ಹಳೆಯ ಗುರುತಿಗಾಗಿ ಒಂದೂವರೆ ನಿಮಿಷ ಕಾಯುತ್ತದೆ. ಕಂಪ್ಯೂಟರ್ ನಿಧಾನವಾಯಿತು, ಡಿಸ್ಕ್ ಕೆಟ್ಟಿರಬೇಕು ಎಂದು ಮಾಲೀಕರ ದೂರು. ಬಿಎಲ್‌ಕೆಐಡಿ ಎಂಬ ಕಮಾಂಡ್ ತೋರಿಸುವ ಯುಯುಐಡಿಯನ್ನೂ ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮುಗಿಯಿತು, ಒಂದು ಸಾಲು ತಿದ್ದಿದರೆ ಸಾಕು.

ಇದರ ತದ್ವಿರುದ್ಧ ತೊಂದರೆ ಡಿಡಿ ಎಂಬ ನಕಲು ಮಾಡುವ ಕಮಾಂಡಿನಿಂದ ಬರುತ್ತದೆ. ಒಂದು ಡಿಸ್ಕನ್ನು ಅಕ್ಷರಶಃ ಇನ್ನೊಂದಕ್ಕೆ ನಕಲು ಮಾಡಿದರೆ ಯುಯುಐಡಿಯೂ ನಕಲಾಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ಬೂಟ್ ಮಾಡಿದರೆ ಯಾವುದು ಮೌಂಟ್ ಆಯಿತೋ ದೇವರೇ ಬಲ್ಲ. ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಆದರೆ ಜಾಣತನದಿಂದ ಎರಡನೆಯದನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ. ನಕಲು ಮುಗಿದ ಕೂಡಲೇ ಒಂದನ್ನು ಬಿಚ್ಚಿಡುವುದು ಒಳ್ಳೆಯದು.

ಕೆಲವೊಮ್ಮೆ ಡಿಸ್ಕ್ ಕಾಣುವುದೇ ಇಲ್ಲ. ಇನ್‌ಸ್ಟಾಲರ್‌ನಲ್ಲಿ ಪೆನ್‌ಡ್ರೈವ್ ಬಿಟ್ಟರೆ ಬೇರೇನೂ ಇಲ್ಲ, ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಚೆನ್ನಾಗಿ ನಡೆಯುತ್ತಿದೆ. ಬಹಳ ಸಲ ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಡಿಸ್ಕ್ ಕಂಟ್ರೋಲರ್ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ಏರ್ಪಾಡು) ಮೋಡ್‌ನಲ್ಲಿರುತ್ತದೆ. ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್‌ಗೆ ಬದಲಿಸಿದರೆ ಡಿಸ್ಕ್ ಪ್ರತ್ಯಕ್ಷ. ವಿಂಡೋಸನ್ನು ಮೊದಲೇ ಅದಕ್ಕೆ ಸಿದ್ಧಗೊಳಿಸದೆ ಬದಲಿಸಿದರೆ ಅದು ಬೂಟ್ ಆಗದೆ ಮುನಿಸಿಕೊಳ್ಳುತ್ತದೆ, ಅದಿರಲಿ ಗಮನದಲ್ಲಿ.

ತಪ್ಪಿನ ಬೆಲೆಯೂ ಈಗ ಹೆಚ್ಚಿದೆ. ತಿರುಗುವ ಡಿಸ್ಕ್‌ನಲ್ಲಿ ಪಾರ್ಟಿಷನ್ ಪಟ್ಟಿ ಮಾತ್ರ ಅಳಿದಿದ್ದರೆ ಹುಡುಕಿ ಮರಳಿ ಕಟ್ಟಬಹುದು, ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿಯಾದರೆ ಅದರ ಇನ್ನೊಂದು ಪ್ರತಿ ಡಿಸ್ಕಿನ ಕಟ್ಟಕಡೆಯಲ್ಲಿ ಇದ್ದೇ ಇರುತ್ತದೆ. ಎಸ್‌ಎಸ್‌ಡಿಯನ್ನು ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡಿದರೆ ಕಥೆ ಬೇರೆ. ಆ ಕಮಾಂಡ್ ತಾನಾಗಿಯೇ ಈ ಬ್ಲಾಕ್‌ಗಳೆಲ್ಲ ಇನ್ನು ಬೇಡ ಎಂದು ಡ್ರೈವ್‌ಗೆ ಹೇಳಿಬಿಡುತ್ತದೆ. ಆಮೇಲೆ ಡ್ರೈವ್ ಅವನ್ನು ಒಳಗೊಳಗೇ ಗುಡಿಸಿ ಹಾಕುತ್ತದೆ, ಮರಳಿ ಪಡೆಯುವ ಯಾವ ತಂತ್ರಾಂಶಕ್ಕೂ ಸಾಮಾನ್ಯವಾಗಿ ಸೊನ್ನೆಗಳಷ್ಟೇ ಸಿಗುತ್ತವೆ.

ರೇಡ್‌ನಲ್ಲಿ ಕೆಟ್ಟ ಡಿಸ್ಕ್ ಕೀಳುವಾಗ ಇನ್ನೂ ಎದೆ ಹೊಡೆದುಕೊಳ್ಳುತ್ತದೆ. ರೇಡ್ 5 ಒಂದು ಡಿಸ್ಕ್ ಹೋದರೆ ತಾಳುತ್ತದೆ, ಎರಡು ಹೋದರೆ ಇಲ್ಲ. ಕೆಟ್ಟದ್ದರ ಬದಲು ಪಕ್ಕದ ಗಟ್ಟಿಮುಟ್ಟಾದುದನ್ನು ಎಳೆದರೆ ಎರಡು ಹೋದ ಲೆಕ್ಕವೇ. ಮುಂಭಾಗದಲ್ಲಿ ಪ್ರತಿ ಡಿಸ್ಕಿಗೂ ದೀಪವಿದ್ದರೆ, ಅನುಮಾನದ ಡಿಸ್ಕಿನಿಂದ ಸುಮ್ಮನೆ ಓದಿ ಓದಿದ್ದನ್ನು ಬಂದದ್ದನ್ನೆಲ್ಲ ಬಿಸಾಡುವ ನಲ್ ಸಾಧನಕ್ಕೆ ಸುರಿಯುವಂತೆ ಡಿಡಿಗೆ ಹೇಳುತ್ತೇನೆ. ಎಡೆಬಿಡದೆ ಮಿನುಗುವ ದೀಪವೇ ಅದರ ಉತ್ತರ. ಇಲ್ಲೂ ಓದುವುದು ಎಲ್ಲಿಂದ, ಬರೆಯುವುದು ಎಲ್ಲಿಗೆ ಎಂಬ ಎರಡು ಪದ ಅದಲುಬದಲಾಗಬಾರದು. ಪೂರಾ ಸತ್ತ ಡಿಸ್ಕ್ ಓದಲು ಒಪ್ಪುವುದಿಲ್ಲ. ಆಗ ಉಳಿದ ಎಲ್ಲವನ್ನೂ ಮಿನುಗಿಸಿ, ಮಿನುಗದೆ ಉಳಿದದ್ದನ್ನು ಹಿಡಿಯಬೇಕು.

ನನ್ನ ಆ ಎರಡು ಡಿಸ್ಕ್‌ಗಳು ಈಗಲೂ ಅದೇ ಪೆಟ್ಟಿಗೆಯಲ್ಲಿವೆ. ಒಟ್ಟಿಗೆ ಕೊಂಡವಲ್ಲವೇ, ಸೀರಿಯಲ್ ನಂಬರ್ ಕೂಡ ಅವಳಿಗಳಂತೆ, ಕೊನೆಯ ಎರಡು ಅಂಕಿಗಳಷ್ಟೇ ಬೇರೆ. ಮುಚ್ಚಳ ತೆಗೆದ ಕೂಡಲೇ ಕಾಣುವ ಹಾಗೆ ಅಂಚಿಗೆ ಬಿಳಿ ಟೇಪ್ ಹಚ್ಚಿ ಬರೆದಿದ್ದೇನೆ: ಫೋಟೊಗಳದ್ದು 4417, ಇನ್ನೊಂದು 4471. ಹೊಸದೇನಾದರೂ ಇನ್‌ಸ್ಟಾಲ್ ಮಾಡುವುದಿದ್ದರೆ 4417ರ ಕೇಬಲ್ ಕಿತ್ತು ಪಕ್ಕಕ್ಕಿಟ್ಟ ಮೇಲೆಯೇ ಪೆನ್‌ಡ್ರೈವ್ ಹುಡುಕುತ್ತೇನೆ. ಇವತ್ತು ಬೆಳಿಗ್ಗೆ ಆ 4417 ಎಸ್‌ಡಿಎ ಆಗಿತ್ತು. ಇದನ್ನು ಬರೆಯುವ ನಡುವೆ ಒಮ್ಮೆ ರೀಬೂಟ್ ಮಾಡಿದೆ. ಈಗ ಎಸ್‌ಡಿಬಿ.