20 ಲಕ್ಷ ಕೋಟಿಯ ಪ್ಯಾಕೇಜ್: ಖರ್ಚೆಷ್ಟು, ಸಾಲವೆಷ್ಟು?

ಸರ್ಕಾರ ಆರ್ಥಿಕ ಪ್ಯಾಕೇಜ್ ಅಂದ ಕೂಡಲೇ ಜನ ಅನುಮಾನದಿಂದ ನೋಡುತ್ತಾರೆ. ಅದು ಸುಮ್ನೆ ಹುಟ್ಟಿದ ಅನುಮಾನವಲ್ಲ.

2008ರ ಜಾಗತಿಕ ಬಿಕ್ಕಟ್ಟಿನಲ್ಲಿ ಕೇಂದ್ರ ತೆರಿಗೆ ಇಳಿಸಿತು, ಖರ್ಚು ಏರಿಸಿತು. ರೈತರ ಸಾಲ ಮನ್ನಾ, ವೇತನ ಆಯೋಗದ ಹೊರೆಯೂ ಸೇರಿ ವಿತ್ತೀಯ ಕೊರತೆ, ಅಂದರೆ ಸರ್ಕಾರದ ಆದಾಯ ಮೀರಿದ ಖರ್ಚು, ಒಂದೇ ವರ್ಷದಲ್ಲಿ ಜಿಡಿಪಿಯ ಶೇ 2.5ರಿಂದ ಸುಮಾರು ಶೇ 6ಕ್ಕೆ ಹೋಯಿತು. ಆರ್ಥಿಕತೆ ಬೇಗ ಚೇತರಿಸಿಕೊಂಡಿತು. ಆದರೆ ಬೆನ್ನಿಗೇ ಬೆಲೆ ಏರಿತು, ಬ್ಯಾಂಕುಗಳಲ್ಲಿ ವಸೂಲಾಗದ ಸಾಲ ಬೆಳೆಯಿತು. ಕೈಬಿಚ್ಚಿ ಖರ್ಚು ಮಾಡುವ ಭಯ ಶುರುವಾದದ್ದು ಅಲ್ಲಿಂದ.

ಕೊರೊನಾ ಲಾಕ್‌ಡೌನ್ ನಡುವೆ, 2020ರ ಮೇ 12ರಂದು ಪ್ರಧಾನಿ 20 ಲಕ್ಷ ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಜಿಡಿಪಿಯ ಶೇ 10ರಷ್ಟು! ಮರುದಿನದಿಂದ ಐದು ದಿನ ಹಣಕಾಸು ಸಚಿವರು ವಿವರ ಕೊಟ್ಟರು. ಒಟ್ಟು ಲೆಕ್ಕ 20.97 ಲಕ್ಷ ಕೋಟಿ. ಅದರಲ್ಲಿ 8 ಲಕ್ಷ ಕೋಟಿಗೂ ಜಾಸ್ತಿ ರಿಸರ್ವ್ ಬ್ಯಾಂಕ್ ಆಗಲೇ ಪ್ರಕಟಿಸಿದ್ದ ನಗದು ಸೌಲಭ್ಯ, ಅಂದರೆ ಬ್ಯಾಂಕುಗಳ ಕೈಗೆ ಸಾಲ ಕೊಡಲು ಹಣ ಸಿಗುವಂತೆ ಮಾಡುವ ಕ್ರಮ. ಅದು ಬಜೆಟ್ಟಿನ ದುಡ್ಡೇ ಅಲ್ಲ.

ಪ್ಯಾಕೇಜಿನಲ್ಲಿ ಸಣ್ಣ ಉದ್ಯಮಗಳಿಗೆಂದು ಹೇಳಿದ 3 ಲಕ್ಷ ಕೋಟಿಯನ್ನೇ ನೋಡಿ. ಇದು ಬ್ಯಾಂಕ್ ಕೊಡುವ ಸಾಲ, ಸರ್ಕಾರದ್ದು ಗ್ಯಾರಂಟಿ ಮಾತ್ರ. ಅದಕ್ಕಾಗಿ ಸರ್ಕಾರ ನಾಲ್ಕು ವರ್ಷಕ್ಕೆ ಹಂಚಿ ಇಟ್ಟದ್ದು 41,600 ಕೋಟಿ. 2020ರ ಫೆಬ್ರವರಿ 29ಕ್ಕೆ ಬಾಕಿ ಇದ್ದ ಸಾಲದ ಶೇ 20ರಷ್ಟು ಹೊಸ ಸಾಲ ಸಿಗುತ್ತಿತ್ತು. ಹತ್ತು ಲಕ್ಷ ಬಾಕಿ ಇದ್ದವರಿಗೆ ಎರಡು ಲಕ್ಷ. ಅಡಮಾನ ಬೇಡ, ಅಸಲಿಗೆ ಒಂದು ವರ್ಷ ಬಿಡುವು, ಬಡ್ಡಿ ಮಾತ್ರ ಕಟ್ಟಬೇಕು. ಬ್ಯಾಂಕ್ ಸಾಲವೇ ಇಲ್ಲದೆ ಕೈದುಡ್ಡಲ್ಲಿ ವರ್ಕ್‌ಶಾಪ್ ನಡೆಸುತ್ತಿದ್ದವರಿಗೆ? ಏನೂ ಇಲ್ಲ. ಸಾಲ ಮಾಡದೆ ಇದ್ದದ್ದೇ ತಪ್ಪಾಯಿತು, ಅಲ್ವಾ?

ಹಾಗಂತ ಈ ಯೋಜನೆ ದಂಡ ಎನ್ನಲಾಗದು. ಬಾಗಿಲು ಹಾಕಬೇಕಿದ್ದ ಎಷ್ಟೋ ಘಟಕಗಳು ಇದರಿಂದ ಉಸಿರಾಡಿದವು. ಆದರೆ ಗಿರಾಕಿಯೇ ಇಲ್ಲದ ಕಾಲದಲ್ಲಿ ಸಾಲ ಸಿಕ್ಕರೂ ಮಾಲು ಕೊಳ್ಳುವವರು ಬೇಕಲ್ಲ. ಕೊಳ್ಳುವವರ ಕೈಗೆ ನೇರವಾಗಿ ಹೋದದ್ದು ಕಡಿಮೆ. ನರೇಗಾಕ್ಕೆ ಹೆಚ್ಚುವರಿ 40,000 ಕೋಟಿ, ವಲಸೆ ಕಾರ್ಮಿಕರ ಉಚಿತ ಧಾನ್ಯಕ್ಕೆ 3,500 ಕೋಟಿ, ಮಹಿಳೆಯರ ಜನಧನ್ ಖಾತೆಗೆ ಮೂರು ತಿಂಗಳು ತಲಾ 500 ರೂಪಾಯಿ. ಬಜೆಟ್ಟಿನಿಂದ ನೇರವಾಗಿ ಹೊರಬಿದ್ದದ್ದು ಜಿಡಿಪಿಯ ಶೇ 1ರಿಂದ 2ರಷ್ಟು ಮಾತ್ರ ಎಂದು ಹಲವು ಅರ್ಥಶಾಸ್ತ್ರಜ್ಞರು ಅಂದಾಜಿಸಿದರು. ಅಂಗಡಿ ಮುಚ್ಚಿರುವಾಗ ದುಡ್ಡು ಕೊಟ್ಟರೆ ಜನ ಖರ್ಚು ಮಾಡದೆ ಉಳಿಸುತ್ತಾರೆ ಎಂಬುದು ಸರ್ಕಾರದ ಕಡೆಯ ವಾದ. ಆದರೆ ದಿನಗೂಲಿ ನಿಂತ ಮನೆಯಲ್ಲಿ ಉಳಿಸಲು ಏನಿರುತ್ತದೆ?

ಅದೇ ವರ್ಷ ನವೆಂಬರ್‌ನಲ್ಲಿ ಹೊಸ ಘೋಷಣೆ ಬಂತು. ಒಟ್ಟು ಮೊತ್ತ 29.87 ಲಕ್ಷ ಕೋಟಿಗೆ ಏರಿತು. ಅದರಲ್ಲೂ 12.71 ಲಕ್ಷ ಕೋಟಿ ರಿಸರ್ವ್ ಬ್ಯಾಂಕಿನ ಕ್ರಮಗಳದ್ದೇ.