ಬಿಪಿ ಮಾತ್ರೆ ಕ್ಯಾಲ್ಸಿಯಂ ತಡೆದರೂ ಕೈಕಾಲು ಆಡುವುದು ಹೇಗೆ?

ಪ್ರಶ್ನೆ: ಅಪ್ಪನಿಗೆ ಬಿಪಿಗೆ ಅಮ್ಲೋಡಿಪಿನ್ ಬರೆದುಕೊಟ್ಟಿದ್ದಾರೆ. ಅದು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್, ಅಂದರೆ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುವ ದಾರಿ ತಡೆಯುವ ಮಾತ್ರೆ ಅಂತೆ. ಸ್ನಾಯು ಕುಗ್ಗೋಕೆ ಕ್ಯಾಲ್ಸಿಯಂ ಬೇಕೇ ಬೇಕು ಅಂತ ಪಿಯುಸಿಯಲ್ಲಿ ಓದಿದ್ದೇನೆ. ಹಾಗಾದರೆ ಅಪ್ಪ ಮೆಟ್ಟಿಲು ಹತ್ತೋದು ಹೇಗೆ?

ನಿಮ್ಮ ಲೆಕ್ಕ ರಕ್ತನಾಳದ ಮಟ್ಟಿಗೆ ಸರಿ. ನಾಳದ ಗೋಡೆಯಲ್ಲಿರುವ ಸ್ನಾಯುವಿಗೆ ಹೊರಗಿನಿಂದ ಬರುವ ಕ್ಯಾಲ್ಸಿಯಂ ಮುಖ್ಯ. ಮಾತ್ರೆ ಅದನ್ನು ಕಮ್ಮಿ ಮಾಡುತ್ತದೆ, ನಾಳ ಸಡಿಲವಾಗುತ್ತದೆ, ಬಿಪಿ ಇಳಿಯುತ್ತದೆ. ಕೈಕಾಲಿನ ಸ್ನಾಯುವಿನ ಕಥೆಯೇ ಬೇರೆ. ಅದು ಹೊರಗಿನ ಕ್ಯಾಲ್ಸಿಯಂಗೆ ಕಾಯುವುದಿಲ್ಲ. ಅದರ ದಾಸ್ತಾನು ಒಳಗೇ ಇದೆ.

1972ರಲ್ಲಿ ಕ್ಲೇ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಕಪ್ಪೆಯ ಸ್ನಾಯುವಿನ ಎಳೆಗಳನ್ನು ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಇಟ್ಟು ನೋಡಿದರು. ಎಳೆಗಳು ಮಿಡಿಯುತ್ತಲೇ ಇದ್ದವು!

ಹಾಗಾದರೆ ಒಳಗಿನ ಉಗ್ರಾಣದ ಬಾಗಿಲು ತೆಗೆಯುವವರು ಯಾರು? ಎರಡು ಪ್ರೋಟೀನ್‌ಗಳು. ನರದ ಸಂಕೇತ ಬಂದಾಗ ಸ್ನಾಯುಕೋಶದ ಮೈಮೇಲೆ ವಿದ್ಯುತ್ ಅಲೆ ಹರಿದು, ಟಿ-ಟ್ಯೂಬ್ಯೂಲ್ ಎನ್ನುವ ಸಣ್ಣ ಕೊಳವೆಗಳ ಮೂಲಕ ಒಳಗೆ ಇಳಿಯುತ್ತದೆ. ಕೊಳವೆಯ ಗೋಡೆಯಲ್ಲಿ ಡೈಹೈಡ್ರೊಪಿರಿಡಿನ್ ರಿಸೆಪ್ಟರ್ ಕೂತಿರುತ್ತದೆ. ಈ ಉದ್ದ ಹೆಸರು ಬಂದಿದ್ದೇ ನಿಮ್ಮ ಅಪ್ಪನ ಮಾತ್ರೆಯ ಗುಂಪಿನಿಂದ! ಸುಮಾರು 12 ನ್ಯಾನೊಮೀಟರ್ ಆಚೆ ಕ್ಯಾಲ್ಸಿಯಂ ತುಂಬಿದ ಚೀಲ. ಅದರ ಗೋಡೆಯಲ್ಲಿ ರಯಾನೊಡಿನ್ ರಿಸೆಪ್ಟರ್. ಇದು ದೈತ್ಯ ಪ್ರೋಟೀನ್: ನಾಲ್ಕು ತುಂಡು, ಒಂದೊಂದರಲ್ಲೂ ಸುಮಾರು 5,000 ಅಮೈನೊ ಆಮ್ಲ.

ಮೊದಲನೆಯದು ಹೆಸರಿಗೆ ಕ್ಯಾಲ್ಸಿಯಂ ಚಾನೆಲ್. ಇಲ್ಲಿ ಅದರ ಅಸಲಿ ಕೆಲಸ ವಿದ್ಯುತ್ತಿನ ಏರುಪೇರು ಗುರುತಿಸುವುದು. ವೋಲ್ಟೇಜ್ ಬದಲಾದ ಕೂಡಲೇ ಅದರ ಕೆಲವು ಭಾಗ ಜರುಗುತ್ತವೆ. ಆ ಜರುಗಾಟ ಎದುರಿನ ದೈತ್ಯನಿಗೆ ತಲುಪಿ ಬಾಗಿಲು ತೆರೆಯುತ್ತದೆ. ಚಿಲಕಕ್ಕೆ ಕಟ್ಟಿದ ಹಗ್ಗವನ್ನು ಈಚೆ ಕೋಣೆಯಿಂದ ಎಳೆದ ಹಾಗೆ. ಹಗ್ಗ ಒಂದೇ ಪ್ರೋಟೀನಿನದಲ್ಲ ಅನ್ನಿ, ಸ್ಟಾಕ್3 ಎಂಬ ಪ್ರೋಟೀನ್ ಕೂಡ ಬೇಕು.

ಹೃದಯದಲ್ಲಿ ಹೀಗಿಲ್ಲ. ಅಲ್ಲಿ ಹೊರಗಿನಿಂದ ಸ್ವಲ್ಪ ಕ್ಯಾಲ್ಸಿಯಂ ನುಗ್ಗಬೇಕು, ಅದೇ ಹೋಗಿ ಬಾಗಿಲು ತಟ್ಟಬೇಕು.

ಈ ವ್ಯತ್ಯಾಸ ಎಲ್ಲಿದೆ ಅಂತ ಹುಡುಕಿದ ಪ್ರಯೋಗ ನನಗೆ ತುಂಬಾ ಇಷ್ಟ. ಕೆಲವು ಇಲಿಮರಿಗಳಿಗೆ ಹುಟ್ಟಿನಿಂದಲೇ ಈ ಮೊದಲ ಪ್ರೋಟೀನ್ ಇರುವುದಿಲ್ಲ. ಸ್ನಾಯು ಕುಗ್ಗುವುದೇ ಇಲ್ಲ, ಉಸಿರಾಡಲಾಗದೆ ಸಾಯುತ್ತವೆ. 1988ರಲ್ಲಿ ತನಬೆ, ಬೀಮ್, ನುಮಾ ಮತ್ತು ಸಂಗಡಿಗರು ಅಂಥ ಇಲಿಯ ಸ್ನಾಯುಕೋಶಕ್ಕೆ ಆ ಪ್ರೋಟೀನಿನ ಡಿಎನ್‌ಎ ಚುಚ್ಚಿದರು. ಕೋಶ ಕುಗ್ಗಿತು. ಆಮೇಲೆ ಅದೇ ಪ್ರೋಟೀನಿನ ಹೃದಯದ ಮಾದರಿಯ ಡಿಎನ್‌ಎ ಕೊಟ್ಟರು. ಕುಗ್ಗಿತು, ಆದರೆ ಹೊರಗೆ ಕ್ಯಾಲ್ಸಿಯಂ ಇದ್ದರೆ ಮಾತ್ರ. ಕೊನೆಗೆ ಹೃದಯದ ಪ್ರೋಟೀನಿನಲ್ಲಿ ಕೋಶದ ಒಳಕ್ಕೆ ಚಾಚಿದ ಒಂದೇ ಒಂದು ಕುಣಿಕೆಯನ್ನು ಕೈಕಾಲಿನ ಮಾದರಿಗೆ ಬದಲಿಸಿದರು. ಹೊರಗಿನ ಕ್ಯಾಲ್ಸಿಯಂನ ಹಂಗೇ ತಪ್ಪಿತು. ಹಗ್ಗದ ತುದಿ ಸಿಕ್ಕಿತು, ಅಲ್ವಾ?

ಮುಂದಿನದು ನೀವು ಓದಿದ್ದೇ. ಚೀಲದಿಂದ ಹೊರಬಿದ್ದ ಕ್ಯಾಲ್ಸಿಯಂ ಟ್ರೋಪೋನಿನ್ ಎಂಬ ಪ್ರೋಟೀನ್‌ಗೆ ಅಂಟುತ್ತದೆ, ಅಡ್ಡವಿದ್ದ ಟ್ರೋಪೊಮಯೋಸಿನ್ ಪಕ್ಕಕ್ಕೆ ಸರಿಯುತ್ತದೆ, ಮಯೋಸಿನ್ ಎಂಬ ಪ್ರೋಟೀನ್ ಎಳೆ ಪಕ್ಕದ ಆಕ್ಟಿನ್ ಎಳೆಯನ್ನು ಹಿಡಿದು ಎಳೆಯುತ್ತದೆ. ಆಮೇಲೆ ಎಟಿಪಿ (ಕೋಶದ ಇಂಧನ) ಖರ್ಚು ಮಾಡಿ ಒಂದು ಪಂಪು ಕ್ಯಾಲ್ಸಿಯಂ ಅನ್ನು ಮತ್ತೆ ಚೀಲಕ್ಕೆ ತುಂಬುತ್ತದೆ.

ಇನ್ನು ನಿಮ್ಮ ಅಪ್ಪನ ವಿಷಯ. ಮಾಮೂಲು ಡೋಸಿನ ಅಮ್ಲೋಡಿಪಿನ್ ಹೆಚ್ಚಾಗಿ ಹಿಡಿಯುವುದು ರಕ್ತನಾಳದ ಮಾದರಿಯ ಚಾನೆಲನ್ನು. ಕೈಕಾಲಿನ ಸ್ನಾಯುವಿನಲ್ಲಿ ಅದು ಅಷ್ಟಿಷ್ಟು ಕ್ಯಾಲ್ಸಿಯಂ ತಡೆದರೂ ಹಗ್ಗ ಎಳೆಯುವುದು ನಿಲ್ಲುವುದಿಲ್ಲ. ಮೆಟ್ಟಿಲು ಹತ್ತಲಿ ಬಿಡಿ.