ಬಾಗಿಲಿನ ಅಗಲ ಶೆಡ್ಯೂಲಿಗೆ ಬರುತ್ತದೆ, ಮೇಜಿನದು ಯಾಕೆ ಬರುವುದಿಲ್ಲ?

ಪ್ರಶ್ನೆ: ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಡೋರ್ ಶೆಡ್ಯೂಲ್ (ಬಾಗಿಲುಗಳ ವಿವರದ ಕೋಷ್ಟಕ) ಮಾಡಿದರೆ ಅಗಲ, ಎತ್ತರ ತಾವಾಗಿಯೇ ಸಿಗುತ್ತವೆ. ನಾನೇ ಮಾಡಿದ ಮೇಜಿನ ಫ್ಯಾಮಿಲಿಯ (ಮತ್ತೆ ಮತ್ತೆ ಬಳಸುವ ಮಾದರಿಯ) ಅಳತೆ ಮಾತ್ರ, ಕಾಲಂ ಆರಿಸುವ ಫೀಲ್ಡ್ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅದೇ ಹೆಸರಿನ ಪ್ರಾಜೆಕ್ಟ್ ಪ್ಯಾರಾಮೀಟರ್ (ಪ್ರಾಜೆಕ್ಟ್ ಫೈಲಿನಲ್ಲೇ ಸೃಷ್ಟಿಸುವ ಮಾಹಿತಿಯ ಅಂಕಣ) ಸೇರಿಸಿದೆ. ಕಾಲಂ ಬಂತು, ಆದರೆ ಖಾಲಿ. ಎಲ್ಲಿ ತಪ್ಪಿದೆ?

ಉತ್ತರ: ಪ್ರತಿ ಬ್ಯಾಚಿನಲ್ಲೂ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಅದೇ ಖಾಲಿ ಕಾಲಂ ತೋರಿಸುತ್ತಾರೆ. ಉತ್ತರ ಒಂದೇ ಸಾಲಿನದು: ಮೇಜಿನ ಆ ಪ್ಯಾರಾಮೀಟರ್ ಫ್ಯಾಮಿಲಿಯ ಒಳಗೇ ಶೇರ್ಡ್ ಪ್ಯಾರಾಮೀಟರ್ (ಹೊರಗಿನ ಟೆಕ್ಸ್ಟ್ ಫೈಲಿನಲ್ಲಿ ದಾಖಲಾಗಿ, ಹಲವು ಫ್ಯಾಮಿಲಿ, ಪ್ರಾಜೆಕ್ಟುಗಳು ಹಂಚಿಕೊಳ್ಳುವಂಥದ್ದು) ಆಗಿರಬೇಕು.

ಬಾಗಿಲು, ಕಿಟಕಿ, ಕೇಸ್‌ವರ್ಕ್ (ಕಪಾಟು) ಕೆಟಗರಿಗಳಿಗೆ ಅಗಲ, ಎತ್ತರವನ್ನು ರೆವಿಟ್ ಮೊದಲೇ ಕಟ್ಟಿಕೊಟ್ಟಿದೆ. ಅಡುಗೆಮನೆ ಕಪಾಟಿನ ಅಳತೆ ಸಲೀಸಾಗಿ ಬರುವುದು ಅದಕ್ಕೇ. ಫರ್ನಿಚರ್‌ಗೆ ಆ ಸೌಲಭ್ಯವಿಲ್ಲ. ನೀವು ಮಾಡಿಕೊಂಡದ್ದು ಫ್ಯಾಮಿಲಿ ಪ್ಯಾರಾಮೀಟರ್, ಆ ಫ್ಯಾಮಿಲಿಯ ಒಳಗಷ್ಟೇ ಇರುವಂಥದ್ದು. ಅದು ಮೇಜನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ, ಆದರೆ ಶೆಡ್ಯೂಲಿನ ಕಣ್ಣಿಗೆ ಬೀಳುವುದಿಲ್ಲ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ: "ಹೆಸರು ಒಂದೇ ಆದರೆ ಎರಡೂ ಕೂಡಿಕೊಳ್ಳುತ್ತವೆ." ಕೂಡುವುದಿಲ್ಲ. ಸ್ಪೆಲ್ಲಿಂಗ್ ತಿದ್ದಿದರೂ, ದೊಡ್ಡಕ್ಷರ ಸಣ್ಣಕ್ಷರ ಹೊಂದಿಸಿದರೂ ಕೂಡುವುದಿಲ್ಲ. ಊರಿನಲ್ಲಿ ಹತ್ತು ಮನೆಯವರಿಗೆ "ಕೆರೆ ಹಿಂದಿನ ಗದ್ದೆ" ಇರಬಹುದು. ಪಹಣಿ ತೆಗೆಯುವಾಗ ಕೇಳುವುದು ಸರ್ವೆ ನಂಬರ್. ಶೇರ್ಡ್ ಪ್ಯಾರಾಮೀಟರ್‌ಗಿರುವ ಸರ್ವೆ ನಂಬರೇ ಜಿಯುಐಡಿ, 32 ಅಂಕಿ-ಅಕ್ಷರಗಳ ಗುರುತು. ರೆವಿಟ್ ನೋಡುವುದು ಅದನ್ನು. ಒಂದೇ ಆಫೀಸಿನ ಇಬ್ಬರು ಬೇರೆ ಬೇರೆ ಕೂತು ಒಂದೇ ಹೆಸರಿನ ಶೇರ್ಡ್ ಪ್ಯಾರಾಮೀಟರ್ ಸೃಷ್ಟಿಸಿದರೂ ಅವು ಎರಡೇ. ಶೆಡ್ಯೂಲಿನಲ್ಲಿ ಎರಡು ಕಾಲಂ ಬಂದು, ಅರ್ಧ ಮೇಜುಗಳು ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ ತುಂಬಿಕೊಳ್ಳುತ್ತವೆ.

ಖಾಲಿ ಕಾಲಂಗಿಂತ ನನಗೆ ಭಯ ಹುಟ್ಟಿಸುವುದು, ಅದನ್ನು ಕೈಯಿಂದ ತುಂಬಿಸುವ ಅಭ್ಯಾಸ. 1500 (ಮಿ.ಮೀ.) ಎಂದು ಟೈಪ್ ಮಾಡುತ್ತೀರಿ, ಶೀಟ್ ಚೆನ್ನಾಗಿ ಕಾಣುತ್ತದೆ. ನಾಳೆ ಮೇಜು 1200ಕ್ಕೆ ಇಳಿದರೂ ಶೆಡ್ಯೂಲ್ 1500 ಎಂದೇ ಹೇಳುತ್ತಿರುತ್ತದೆ, ಏಕೆಂದರೆ ಆ ಅಂಕಿಗೂ ಮೇಜಿಗೂ ಸಂಬಂಧವೇ ಇಲ್ಲ. ಬಡಗಿ ಪ್ಲೈವುಡ್ ಕತ್ತರಿಸುವುದು ಶೆಡ್ಯೂಲ್ ನೋಡಿ.

ಸರಿಪಡಿಸಲು ಐದು ನಿಮಿಷ ಸಾಕು. ಆ ಪ್ರಾಜೆಕ್ಟ್ ಪ್ಯಾರಾಮೀಟರ್ ಅಳಿಸಿ. ಫ್ಯಾಮಿಲಿ ತೆರೆದು, ಫ್ಯಾಮಿಲಿ ಟೈಪ್ಸ್‌ನಲ್ಲಿ ಆ ಪ್ಯಾರಾಮೀಟರ್ ಆರಿಸಿ, ಎಡಿಟ್ ಒತ್ತಿ, ಶೇರ್ಡ್ ಪ್ಯಾರಾಮೀಟರ್‌ಗೆ ಬದಲಿಸಿ, ಆಫೀಸಿನ ಟೆಕ್ಸ್ಟ್ ಫೈಲಿನಿಂದ ಆಯ್ದುಕೊಳ್ಳಿ. ಡೈಮೆನ್ಷನ್‌ಗೆ ಹಚ್ಚಿದ ಲೇಬಲ್, ಫಾರ್ಮುಲಾ ಎಲ್ಲ ಹಾಗೇ ಉಳಿಯುತ್ತವೆ. ಮತ್ತೆ ಪ್ರಾಜೆಕ್ಟಿಗೆ ಲೋಡ್ ಮಾಡಿದರೆ ಫೀಲ್ಡ್ ಪಟ್ಟಿಯಲ್ಲಿ ಹೆಸರು ಕಾಣುತ್ತದೆ. ಆ ಟೆಕ್ಸ್ಟ್ ಫೈಲ್ ಕಳೆದುಹೋಗಿದ್ದರೆ ದಯವಿಟ್ಟು ಹೊಸದಾಗಿ ಸೃಷ್ಟಿಸಬೇಡಿ; ಗುರುತು ಫ್ಯಾಮಿಲಿಯಲ್ಲೇ ಇರುತ್ತದೆ, ಪ್ಯಾರಾಮೀಟರ್ ಪ್ರಾಪರ್ಟೀಸ್‌ನ ಎಕ್ಸ್‌ಪೋರ್ಟ್ ಬಟನ್ನಿನಿಂದ ಇನ್ನೊಂದು ಫೈಲಿಗೆ ಇಳಿಸಿಕೊಳ್ಳಬಹುದು.

ಯಾರೂ ಕೇಳದ, ಆದರೆ ಕೇಳಬೇಕಾದ ಒಂದು ಮಾತಿದೆ. ತಾನಾಗಿ ಬರುತ್ತದೆ ಎಂದಿರಲ್ಲ, ಆ ಬಾಗಿಲಿನ ಅಗಲ ಯಾವುದರ ಅಗಲ? ರೆವಿಟ್ ಜೊತೆ ಬರುವ ಡೋರ್ ಟೆಂಪ್ಲೇಟಿನಲ್ಲಿ ವಿಡ್ತ್ ಎಂದರೆ ಗೋಡೆ ಕತ್ತರಿಸುವ ಅಗಲ. ಬೇರೆಡೆಯಿಂದ ಇಳಿಸಿಕೊಂಡ ಫ್ಯಾಮಿಲಿಯಲ್ಲಿ ಅದೇ ಹೆಸರು ಬರೀ ಶಟರಿನ (ತೆರೆದು ಮುಚ್ಚುವ ಹಲಗೆಯ) ಅಗಲ ಆಗಿರಬಹುದು. 900 ಎಂದು ಓದಿದ ಮೇಸ್ತ್ರಿ ಇಟ್ಟಿಗೆಯಲ್ಲಿ 900 ಬಿಡುತ್ತಾನೆ. ಪಕ್ಕಕ್ಕೆ 75ರಂತೆ ಚೌಕಟ್ಟು ಇದ್ದರೆ ಬೇಕಾದದ್ದು 1050. ಅಂಥ ಫ್ಯಾಮಿಲಿಯಲ್ಲಿ ರಫ್ ವಿಡ್ತ್‌ಗೆ (ಗೋಡೆಯಲ್ಲಿ ಬಿಡುವ ಅಗಲಕ್ಕೆ) "ಅಗಲ + 2 × ಚೌಕಟ್ಟಿನ ದಪ್ಪ" ಎಂದು ಫಾರ್ಮುಲಾ ಕೊಡಿ. ಅದು ಬಾಗಿಲಿಗೆ ಮೊದಲೇ ಕಟ್ಟಿಕೊಟ್ಟ ಪ್ಯಾರಾಮೀಟರ್, ಶೇರ್ಡ್ ಮಾಡುವ ಕೆಲಸವಿಲ್ಲ. ಕಾಲಂ ತಲೆಬರಹವನ್ನು ಮಾತ್ರ "ಗೋಡೆಯಲ್ಲಿ ಬಿಡಬೇಕಾದ ಅಗಲ" ಎಂದು ಬದಲಿಸಿ. ತಲೆಬರಹ ಬದಲಿಸಿದರೆ ಪ್ಯಾರಾಮೀಟರ್ ಹೆಸರು ಬದಲಾಗುವುದಿಲ್ಲ, ಕನ್ನಡದಲ್ಲೇ ಬರೆಯಬಹುದು.